ಗಾಜಿನ ಮೇಲಿನ ಗಂಧ

ನನ್ನ ಹೆಂಡತಿಯ ತವರಿನಲ್ಲಿ ಒಂದು ನಿಯಮವಿದೆ. ಇರುವ ವಸ್ತು ಕೆಡುವ ತನಕ ಹೊಸದು ಬರುವಂತಿಲ್ಲ. ಯಾರೂ ಅದನ್ನು ಬರೆದಿಟ್ಟಿಲ್ಲ, ಬಾಯಿಬಿಟ್ಟು ಹೇಳಿಯೂ ಇಲ್ಲ. ಆದರೆ ವಿಜಯವಾಡದ ಪಟಮಟದಲ್ಲಿರುವ ಆ ಮನೆಗೆ ಅಳಿಯನಾಗಿ ಕಾಲಿಟ್ಟ ಮೊದಲ ವರ್ಷವೇ ನನಗದು ಅರ್ಥವಾಗಿತ್ತು. ಮಾವನವರು ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿದ್ದು ನಿವೃತ್ತರಾದವರು. ಮನೆಯಲ್ಲಿ ಯಾರಾದರೂ ಹೊಸ ಮಿಕ್ಸಿ, ಹೊಸ ಫ್ಯಾನು ಅಂತ ಬಾಯಿ ತೆರೆದರೆ ಅವರು ಕೇಳುತ್ತಿದ್ದದ್ದು ಒಂದೇ ಮಾತು: “ಪನಿಚೇಸ್ತೋಂದಿ ಕದಾ?” ಕೆಲಸ ಮಾಡುತ್ತಿದೆಯಲ್ಲ, ಮತ್ತೇನು ಎಂದು. ಆ ಪ್ರಶ್ನೆಗೆ ಉತ್ತರ ಹೇಳಿ ಗೆದ್ದವರನ್ನು ನಾನು ನೋಡಿಲ್ಲ. ಅಪ್ಪಿತಪ್ಪಿ ಏನಾದರೂ ಕೆಟ್ಟರೂ ಅವರು ಲುಂಗಿ ಮೇಲೆ ಕಟ್ಟಿ, ಸ್ಪ್ಯಾನರ್ ಪೆಟ್ಟಿಗೆ ಎಳೆದುಕೊಂಡು ಕೂತರೆ ಸಂಜೆಯೊಳಗೆ ಅದು ಮತ್ತೆ ಕೆಲಸ ಮಾಡುತ್ತಿತ್ತು. ಅವರ ಮನೆಯಲ್ಲಿ ಬದಲಾಗಿದೆ ಎಂದು ಎದ್ದು ಕಾಣುತ್ತಿದ್ದದ್ದು ಬೀದಿ ಬಾಗಿಲಿನ ಮೆಟ್ಟಿಲುಗಳಲ್ಲಿ ಒಂದರ ಕಲ್ಲು. ಉಳಿದವೆಲ್ಲ ಕಪ್ಪು ಕಲ್ಲು, ಅದೊಂದು ಮಾತ್ರ ಬೂದು ಬಣ್ಣದ್ದು. ಹೊಸಬರ ಕಣ್ಣಿಗೆ ಮೊದಲು ಬೀಳುತ್ತಿದ್ದದ್ದೇ ಅದು.

ನನ್ನ ಹೆಂಡತಿ ಅಪ್ಪನ ಮಗಳು. ವಿಶಾಖಪಟ್ಟಣದ ನಮ್ಮ ಮನೆಗೂ ಈ ನಿಯಮವನ್ನು ಸೀರೆ, ಪಾತ್ರೆಗಳ ಜೊತೆಯಲ್ಲೇ ತಂದಿದ್ದಳು. ಶಾಲೆಯಲ್ಲಿ ಲೆಕ್ಕ ಹೇಳಿಕೊಡುವವಳು. ವಾದಕ್ಕೆ ನಿಂತರೆ ಕೊನೆ ಮುಟ್ಟಿಸದೆ ಬಿಡುವವಳಲ್ಲ. ನಾನು ದಾವಣಗೆರೆಯವನು, ಬಂದರಿನ ಹತ್ತಿರ ಹಡಗಿನ ಸರಕಿನ ವ್ಯವಹಾರ ನೋಡುವ ಕಚೇರಿಯೊಂದರಲ್ಲಿ ಕೆಲಸ. ಅತ್ತೆ ಬಳ್ಳಾರಿಯವರು, ನನ್ನ ತಾಯಿಗೆ ದೂರದ ಸಂಬಂಧ. ಚಿಕ್ಕ ವಯಸ್ಸಿನಲ್ಲೇ ತೆಲುಗು ಮನೆಗೆ ಮದುವೆಯಾಗಿ ಬಂದವರು. ನಾನು ಆ ಮನೆಗೆ ಹೋಗುವ ಹೊತ್ತಿಗೆ ಕನ್ನಡ ಅವರ ಪಾಲಿಗೆ ಊರಿಂದ ಬರುವ ಫೋನಿಗಷ್ಟೇ ಉಳಿದಿತ್ತು. ನಾನು ಅಳಿಯನಾದ ಮೇಲೆ ಅಡುಗೆಮನೆಯಲ್ಲೂ ಅದಕ್ಕೊಂದಿಷ್ಟು ಕೆಲಸ ಸಿಕ್ಕಿತು. ಬೇರೆಯವರ ಹತ್ತಿರ ಮೆತ್ತಗಿರುವ ಅತ್ತೆ ನನ್ನ ಜೊತೆ ಮಾತಿಗೆ ಕೂತರೆ ಬಳ್ಳಾರಿಯ ಬಾಯಿ ಪೂರಾ ತೆರೆದುಕೊಳ್ಳುತ್ತಿತ್ತು. ಆದರೂ ಅಳಿಯ ಅಳಿಯನೇ. ಇಬ್ಬರೂ ಒಬ್ಬರಿಗೊಬ್ಬರು ಬೇಸರವಾಗುವ ಮಾತನ್ನು ಎಂದೂ ನೇರವಾಗಿ ಆಡುತ್ತಿರಲಿಲ್ಲ. ಮುಂದೆ ನಡೆದದ್ದಕ್ಕೆಲ್ಲ ಆ ಮರ್ಯಾದೆಯೇ ಮೂಲ.

2014ರ ಬೇಸಿಗೆಯಲ್ಲಿ ನಾನೊಂದು ಕ್ಯಾಮೆರಾ ತೆಗೆದುಕೊಂಡೆ. ಲೆನ್ಸು ಬಿಚ್ಚಲು ಬರದ, ಎಲ್ಲವೂ ಒಂದರಲ್ಲೇ ಕೂಡಿಕೊಂಡಿರುವ ಜಾತಿಯದು. ಗುಂಡಿ ಒತ್ತಿದರೆ ಮೂತಿ ಮುಂದೆ ಚಾಚುತ್ತಿತ್ತು. ಸಮುದ್ರದ ನಡುವೆ ನಿಂತ ಹಡಗಿನ ಮೇಲಿನ ಮನುಷ್ಯನನ್ನು ಕೈಗೆಟುಕುವ ಹಾಗೆ ತಂದು ನಿಲ್ಲಿಸುತ್ತಿತ್ತು. ಮೊದಲ ಕೆಲವು ತಿಂಗಳು ನನಗೆ ಇದಕ್ಕಿಂತ ಹೆಚ್ಚಿನದು ಬೇಕೆಂದು ಅನ್ನಿಸಲೇ ಇಲ್ಲ. ಆ ವರ್ಷದ ದಸರಾಕ್ಕೆ ವಿಜಯವಾಡಕ್ಕೆ ಹೋದಾಗ ಅತ್ತೆ ಅದನ್ನೂ ಆಯುಧ ಪೂಜೆಗೆ ಇಡಿಸಿಕೊಂಡು, ಮೇಲುಗಡೆ ಒಂದು ಕುಂಕುಮದ ಬೊಟ್ಟಿಟ್ಟು, ಚೆಂಡುಹೂ ಏರಿಸಿದರು. ಫೋಟೊ ಹಿಡಿಯುವವನಿಗೆ ಅದೂ ಆಯುಧವೇ ಎಂದು ಅವರ ಲೆಕ್ಕ.

ನಾವು ವಿಶಾಖಪಟ್ಟಣಕ್ಕೆ ಮರಳಿದ ಸ್ವಲ್ಪ ದಿನಕ್ಕೆ ತುಫಾನು ಬಂತು. ಊರಿನ ಮರಗಳೆಲ್ಲ ಮಲಗಿದವು. ಕರೆಂಟಿಲ್ಲ, ನೀರಿಲ್ಲ, ಹಾಲಿಗೆ ಸಾಲು. ಸಂಜೆಯಾದರೆ ನಮ್ಮ ಬೀದಿಯ ಮಂದಿಯೆಲ್ಲ ಹೊರಗೆ ಕೂತು ಮೇಣದಬತ್ತಿ ಹಚ್ಚಿಕೊಂಡು ಮಾತಾಡುತ್ತಿದ್ದರು. ಎದುರು ಮನೆಯ ಅಜ್ಜಿಯೊಬ್ಬರು ಬತ್ತಿಯ ಬೆಳಕಿನಲ್ಲಿ ಕವಡೆ ಆಡುತ್ತಿದ್ದರು. ಆ ಮುಖವನ್ನು ಹಿಡಿಯಬೇಕೆಂದು ನಾನು ಎಷ್ಟು ಒದ್ದಾಡಿದೆನೋ. ಬಂದದ್ದೆಲ್ಲ ಕಾಳುಕಾಳು. ಅಜ್ಜಿಯ ಮುಖದ ಮೇಲೆ ಯಾರೋ ರವೆ ಚೆಲ್ಲಿದಂತಿತ್ತು. ನನ್ನ ಕ್ಯಾಮೆರಾಕ್ಕೆ ಬಿಸಿಲಿದ್ದರೆ ಮಾತ್ರ ಕಣ್ಣು ಕಾಣುತ್ತದೆ ಎಂದು ಅವತ್ತು ಗೊತ್ತಾಯಿತು. ನನಗೆ ನಿಜವಾಗಿ ಸಿಟ್ಟು ಬಂತು. ಮನೆ ಮುಂದಿನ ಬಾದಾಮಿ ಮರ ಬಿದ್ದದ್ದಕ್ಕೂ ನಾನು ಅಷ್ಟು ಬೇಸರಪಟ್ಟಿರಲಿಲ್ಲ.

ಆಸೆಗೆ ತುಪ್ಪ ಸುರಿದವನು ನೌಕಾಪಡೆಯಲ್ಲಿದ್ದ ಹಾಸನದ ಕಡೆಯ ಗೆಳೆಯ. ಭಾನುವಾರ ಬೆಳಗ್ಗೆ ಸಮುದ್ರದ ದಂಡೆಯಲ್ಲಿ ಕ್ಯಾಮೆರಾ ಹಿಡಿದು ಅಲೆಯುವ ನಮ್ಮಂಥವರ ಒಂದು ಗುಂಪಿತ್ತು. ಅಲ್ಲಿ ಕನ್ನಡ ಕೇಳಿ ಪರಿಚಯವಾದವನು. ಅವನ ಹತ್ತಿರ ದೊಡ್ಡ ಕ್ಯಾಮೆರಾ ಇತ್ತು, ಕತ್ತಲಲ್ಲೂ ಕಣ್ಣು ಕಾಣುವಂಥದ್ದು. ತಮಾಷೆಯೆಂದರೆ ಅವನು ದಿನವಿಡೀ ಇರುವ ಜಾಗದಲ್ಲಿ ಕ್ಯಾಮೆರಾ ತೆಗೆಯುವಂತಿರಲಿಲ್ಲ. ಹಾಗಾಗಿ ಅದು ವಾರವೆಲ್ಲ ಕಪಾಟಿನಲ್ಲಿ ಮಲಗಿ ಭಾನುವಾರ ಏಳುತ್ತಿತ್ತು. ಒಂದು ದಿನ ಮೀನುಗಾರರ ಬಂದರಿನಲ್ಲಿ, ಇನ್ನೂ ಸೂರ್ಯ ಹುಟ್ಟುವ ಮುಂಚೆ, ಅದನ್ನು ನನ್ನ ಕೊರಳಿಗೆ ಹಾಕಿದ.

“ತಗೊಳಪ್ಪ, ನೀನೂ ಒಂದು ಸಲ ನೋಡು. ಆಮೇಲೆ ನಿದ್ದೆ ಬರಲಿಲ್ಲ ಅಂತ ನನ್ನ ಬೈಬೇಡ.”

ಹರಾಜಿನ ಕಟ್ಟೆಯ ಮೇಲೆ ಹೆಂಗಸೊಬ್ಬಳು ಬುಟ್ಟಿಯ ಮೇಲೆ ಬುಟ್ಟಿ ಕವುಚುತ್ತಿದ್ದಳು. ಒಂದೇ ಬಲ್ಬು. ನಾನು ಗುಂಡಿ ಒತ್ತಿದೆ. ಅವಳ ಕೈ, ಕೈಗೆ ಅಂಟಿದ ಮೀನಿನ ಹುರುಪೆ, ಬುಟ್ಟಿಯಿಂದ ಜಾರುತ್ತಿದ್ದ ನೀರಿನ ಹನಿ ಎಲ್ಲ ಇದ್ದಲ್ಲೇ ನಿಂತಿದ್ದವು. ಕ್ಯಾಮೆರಾ ವಾಪಸು ಕೊಟ್ಟೆ. ಹೊಟ್ಟೆಕಿಚ್ಚಾಯಿತು, ಅದನ್ನು ಮುಚ್ಚಿಡುವುದೇಕೆ. ಗೆಳೆಯ ನಗುತ್ತಿದ್ದ.

ಮನೆಗೆ ಬಂದು ಹೆಂಡತಿಗೆ ಹೇಳಿದೆ. ಸಮಾಧಾನವಾಗಿ ಕೇಳಿಸಿಕೊಂಡಳು. ಅವಳ ಕನ್ನಡ ಅವಳದೇ ಒಂದು ತರಹ, ನಡುನಡುವೆ ತೆಲುಗು ಬೆರೆತದ್ದು.

“ಏವಂಡಿ, ಈಗ ಇರೋದು ಕೆಟ್ಟು ಹೋಯ್ತಾ?”

“ಕೆಟ್ಟಿಲ್ಲ. ಆದರೆ ಬೆಳಕು ಕಮ್ಮಿ ಇದ್ರೆ...”

“ಪನಿ ಮಾಡ್ತಾ ಇದೆ ಕದಾ?”

“ಮಾಡ್ತಾ ಐತೆ.”

“ಮತ್ತೆ?”

ಅಲ್ಲಿಗೆ ಮುಗಿಯಿತು. ಮನೆಯಲ್ಲಿ ದುಡ್ಡಿಗೆ ಅಂಥ ತೊಂದರೆಯೇನೂ ಇರಲಿಲ್ಲ. ಅವಳು ಕೈ ಬಿಗಿಯವಳೂ ಅಲ್ಲ; ಊಟಕ್ಕೆ, ಪ್ರಯಾಣಕ್ಕೆ, ಬಂಧುಗಳಿಗೆ ಧಾರಾಳಿ. ಆದರೆ ನಡೆಯುತ್ತಿರುವ ವಸ್ತುವನ್ನು ಮೂಲೆಗೆ ಹಾಕುವುದು ಅವಳ ಕಣ್ಣಿಗೆ ಒಂದು ಬಗೆಯ ಅನ್ಯಾಯ. ನಾನು ಹಟ ಹಿಡಿದು ತಂದಿದ್ದರೆ ಅವಳು ತಡೆಯುತ್ತಿರಲಿಲ್ಲ. ಆದರೆ ಹಳೆಯದನ್ನು ಕಪಾಟಿನಲ್ಲಿ ಎದುರಿಗೆ ಕಾಣುವ ಹಾಗೆ ಇಟ್ಟು, ದಿನಾ ಬಟ್ಟೆಯಲ್ಲಿ ಒರೆಸುತ್ತಿದ್ದಳು. ಆ ಶಿಕ್ಷೆಯನ್ನು ಅನುಭವಿಸುವ ಧೈರ್ಯ ನನಗಿರಲಿಲ್ಲ.

ಹೀಗೆ ವರ್ಷಗಳು ಹೋದವು. ನಾನು ಅಂಗಡಿಗಳ ಗಾಜಿನ ಮುಂದೆ ನಿಲ್ಲುವುದು, ಕ್ಯಾಮೆರಾಗಳ ವಿಮರ್ಶೆ ಓದುವುದು, ಇಂಥದ್ದೇ ಬೇಕೆಂದು ನಿಶ್ಚಯ ಮಾಡುವಷ್ಟರಲ್ಲಿ ಅದರ ಅಪ್ಪನಂಥದ್ದು ಬರುವುದು, ಮತ್ತೆ ಮೊದಲಿನಿಂದ ಶುರು. ಪ್ರತಿ ದಸರಾಕ್ಕೆ ವಿಜಯವಾಡಕ್ಕೆ ಹೋದಾಗ ನನ್ನ ಗೋಳು ಕೇಳುವವರು ಅತ್ತೆ ಒಬ್ಬರೇ. ಅವರು ಈಳಿಗೆಮಣೆಯ ಮುಂದೆ ಕೂತು ದೊಂಡೆಕಾಯಿ ಹೆಚ್ಚುತ್ತ ಕೇಳುತ್ತಿದ್ದರು. ನಾನು ಪಕ್ಕದಲ್ಲಿ ಕೂತು ಹೇಳುತ್ತಿದ್ದೆ.

ಅತ್ತೆಯ ಮನೆಯ ನಡುಕೋಣೆಯಲ್ಲಿ ಕಿಟಕಿಯ ಕೆಳಗೆ ಒಂದು ಕೈ ಮಿಷನ್ನು ಇದೆ. ಬಲಗೈಯಲ್ಲಿ ಹಿಡಿ ತಿರುಗಿಸಿ ಹೊಲಿಯುವ ಹೊಲಿಗೆ ಯಂತ್ರ. ಮಾವನವರ ತಾಯಿಯ ಕಾಲದ್ದು. ದಿಂಬಿನ ಚೀಲ, ಮಗಳ ಚಿಕ್ಕಂದಿನ ಲಂಗ, ಹರಿದ ಪರದೆ ಎಲ್ಲ ಅದರಲ್ಲೇ ಆಗುತ್ತಿತ್ತು. ಒಂದು ಮಧ್ಯಾಹ್ನ ಅವರು ಹೊಲಿಯುತ್ತಿದ್ದಾಗ ಫೋಟೊ ತೆಗೆದೆ. ಮೋಡ ಕವಿದ ದಿನ. ಮುಖ ಬಂತು, ಬಟ್ಟೆಯನ್ನು ದೂಡುವ ಎಡಗೈ ಬಂತು, ಹಿಡಿ ತಿರುಗಿಸುವ ಬಲಗೈ ಮಾತ್ರ ಕಲಸಿ ಹೋಗಿ ಬಿಳಿ ಹೊಗೆಯಂತೆ ಕಂಡಿತು. ನನಗೆ ಬೇಕಾದ ಸಾಕ್ಷಿ ಸಿಕ್ಕಿದ ಹಾಗಾಯಿತು.

“ನೋಡಿ ಅತ್ತೆ, ಇದಕ್ಕೇ ನಾನು ಹೇಳೋದು. ಒಳ್ಳೇ ಕ್ಯಾಮೆರಾ ಆಗಿದ್ರೆ ನಿಮ್ಮ ಬಲಗೈನೂ ನಿಲ್ಲಿಸ್ತಿತ್ತು.”

ಅತ್ತೆ ಕನ್ನಡಕ ಏರಿಸಿ ನೋಡಿದರು. “ಆ ಕೈ ಯಾವಾಗ ನಿಂತೈತ್ರಿ?” ಎಂದರು. ಆಮೇಲೆ ಬಟ್ಟೆ ಸರಿಮಾಡಿಕೊಳ್ಳುತ್ತ, “ಅಂದ್ರ ನಿಮಗ ವಿದ್ಯಾ ಐತಿ, ಅದಕ್ಕ ತಕ್ಕ ಸಾಮಾನು ಇಲ್ಲ. ಹಂಗಲ್ರಿ?” ಎಂದು ಕೇಳಿದರು.

“ವಿದ್ಯೆ ಅಂತ ದೊಡ್ಡ ಮಾತು ಯಾಕೆ ಅತ್ತೆ. ಆದರೆ ಹಂಗೇ ಅಂತಿಟ್ಕೊಳ್ಳಿ.”

“ಗೊತ್ತಾತು ಬಿಡ್ರಿ,” ಎಂದು ಮತ್ತೆ ಹಿಡಿ ತಿರುಗಿಸತೊಡಗಿದರು. ನಾನು ಅದನ್ನು ಹಿರಿಯರ ಉಪಚಾರದ ಮಾತೆಂದುಕೊಂಡೆ.

ಇನ್ನು ಗಂಧದ ವಿಷಯ. ವಿಶಾಖಪಟ್ಟಣದ ಪಕ್ಕದ ಸಿಂಹಾಚಲಂ ಬೆಟ್ಟದ ಸ್ವಾಮಿಗೆ ವರ್ಷವಿಡೀ ಮೈತುಂಬ ಗಂಧದ ಲೇಪ. ಅಕ್ಷಯ ತದಿಗೆಯ ದಿನ ಮಾತ್ರ ಅದನ್ನು ತೆಗೆದು ನಿಜರೂಪ ತೋರಿಸುತ್ತಾರೆ. ತೆಗೆದ ಗಂಧ ಪ್ರಸಾದವಾಗಿ ಭಕ್ತರಿಗೆ ಸಿಗುತ್ತದೆ. ನನ್ನ ಹೆಂಡತಿ ಅದನ್ನು ತಪ್ಪದೆ ತಂದು ತಾಯಿಗಾಗಿ ಎತ್ತಿಡುತ್ತಿದ್ದಳು. ಅತ್ತೆ ಅದನ್ನು ಬೆಳ್ಳಿ ಭರಣಿಯಲ್ಲಿ ಹಾಕಿಟ್ಟು ದೊಡ್ಡ ಹಬ್ಬಗಳಲ್ಲಿ ಚೂರೇ ಚೂರು ತೆಗೆದು ನೀರಿನಲ್ಲಿ ಕಲಸುತ್ತಿದ್ದರು. ನಮ್ಮ ಹಣೆಗೆ ಹಚ್ಚುವಾಗಲೂ ಅವರದು ಬಲು ಹಿಡಿತ.

2018ರ ಮಹಾನವಮಿ. ದೇವರ ಮನೆಯಲ್ಲಿ ಚಾಪೆ ಹಾಸಿ ಆಯುಧಗಳನ್ನು ಸಾಲಾಗಿ ಇಟ್ಟಿದ್ದರು. ಮಾವನವರ ಸ್ಪ್ಯಾನರುಗಳು, ಸುತ್ತಿಗೆ, ಅತ್ತೆಯ ಈಳಿಗೆಮಣೆ, ಕತ್ತರಿ, ಕೈ ಮಿಷನ್ನು, ಕೊನೆಯಲ್ಲಿ ನನ್ನ ಕ್ಯಾಮೆರಾ. ನಾನು ಸ್ನಾನ ಮುಗಿಸಿ ಬರುವಷ್ಟರಲ್ಲಿ ಪೂಜೆ ಆಗಿತ್ತು. ಕ್ಯಾಮೆರಾದ ಕಡೆ ನೋಡಿದೆ. ಲೆನ್ಸಿನ ಮುಚ್ಚಳ ಬಿಚ್ಚಿ ಪಕ್ಕದ ವೀಳ್ಯದೆಲೆಯ ಮೇಲೆ ಅಚ್ಚುಕಟ್ಟಾಗಿ ಇಟ್ಟಿತ್ತು. ಗಾಜಿನ ನಟ್ಟನಡುವೆ ಗಂಧ. ಚೂರಲ್ಲ, ಬೆರಳು ತುಂಬ ತೆಗೆದು ಒತ್ತಿ ಹಚ್ಚಿದ ಗಂಧ. ಅದರ ಮೇಲೆ ಒಂದು ಕುಂಕುಮದ ಬೊಟ್ಟು.

ಹೋಗಿ ಒರೆಸಬಹುದಿತ್ತು ಎಂದು ನಿಮಗನ್ನಿಸಬಹುದು. ಹಾಗೆ ಮಾಡಲು ಬರುವುದಿಲ್ಲ. ಪೂಜೆಗೆ ಇಟ್ಟ ಆಯುಧವನ್ನು ಮರುದಿನ ವಿಜಯದಶಮಿಯ ಬೆಳಗಿನ ತನಕ ಮುಟ್ಟುವಂತಿಲ್ಲ. ಅವತ್ತು ಆ ಮನೆಯಲ್ಲಿ ತರಕಾರಿಯನ್ನೂ ಹಿಂದಿನ ದಿನವೇ ಹೆಚ್ಚಿಟ್ಟಿರುತ್ತಾರೆ. ಹಾಗಾಗಿ ಇಡೀ ದಿನ ನಾನು ನೆಪ ಹುಡುಕಿಕೊಂಡು ದೇವರ ಮನೆಯ ಬಾಗಿಲಿಗೆ ಹೋಗಿ ಇಣುಕುತ್ತಿದ್ದೆ. ಹಸಿ ಗಂಧ ಮೊದಲು ಅಂಚಿನಲ್ಲಿ ಬೆಳ್ಳಗಾಯಿತು. ಊಟದ ಹೊತ್ತಿಗೆ ಪೂರ್ತಿ ಒಣಗಿತು. ಸಂಜೆಗೆ ಬಿರುಕು ಬಿಟ್ಟಿತು. ಅಳಿಯನ ಭಕ್ತಿ ನೋಡಿ ಮಾವನವರಿಗೆ ಬಹಳ ಸಂತೋಷವಾಗಿತ್ತು.

ಮರುದಿನ ಎದ್ದವನೇ ಬಟ್ಟೆ ತೆಗೆದುಕೊಂಡು ಉಜ್ಜಿದೆ. ಗಂಧ ಕಲ್ಲಿನ ಮೇಲೆ ತೇಯ್ದದ್ದಲ್ಲವೇ, ಅದರಲ್ಲಿ ಎಷ್ಟು ನುಣ್ಣನೆಯ ಮರಳಿತ್ತೋ. ಗಂಧ ಹೋಯಿತು, ಅದರ ಜೊತೆ ಗಾಜಿನ ಮೇಲಿನ ಹೊಳಪಿನ ಲೇಪವೂ ಹೋಯಿತು. ನಡುವೆ ಒಂದು ಮಸುಕು ಮಂಡಲ ಉಳಿಯಿತು. ಅದರಿಂದ ತೆಗೆದ ಫೋಟೊಗಳಲ್ಲಿ ದೀಪಗಳೆಲ್ಲ ಊದಿಕೊಂಡವು, ಮುಖಗಳಿಗೆಲ್ಲ ಒಂದು ಮಂಜು ಕವಿಯಿತು. ಲೆನ್ಸು ಬಿಚ್ಚಿ ಬದಲಿಸುವ ಜಾತಿಯ ಕ್ಯಾಮೆರಾ ಅದಲ್ಲವೆಂದು ಆಗಲೇ ಹೇಳಿದೆ.

ಅತ್ತೆಗೆ ಕಣ್ಣು ಸರಿಯಾಗಿ ಕಾಣುತ್ತಿಲ್ಲವೇನೋ, ಪಾಪ, ಮುಚ್ಚಳವನ್ನು ಡಬ್ಬಿಯ ಮುಚ್ಚಳವೆಂದುಕೊಂಡರೇನೋ ಎಂದು ನಾನು ಊಹೆ ಮಾಡಿದೆ. ಅಪರೂಪದ ಪ್ರಸಾದವನ್ನು ನನಗಾಗಿ ಅಷ್ಟು ಧಾರಾಳವಾಗಿ ಬಳಸಿದ್ದಾರೆ. ನಿಮ್ಮಿಂದ ಹಾಳಾಯಿತು ಎಂದು ಯಾವ ಬಾಯಲ್ಲಿ ಹೇಳಲಿ? ಹೆಂಡತಿಗೆ ಮಾತ್ರ ತೋರಿಸಿ, ಅಮ್ಮನಿಗೆ ಹೇಳಬೇಡವೆಂದೆ. ಅವಳು ಕೆಲವು ಫೋಟೊ ನೋಡಿದಳು. ಅವುಗಳಲ್ಲಿ ಅವಳದೂ ಇತ್ತು.

“ಇದು ಚೆನ್ನಾಗೇ ಇದೆ ಕದಂಡಿ! ಸಿನಿಮಾದಲ್ಲಿ ತೆಗೆದ ಹಾಗೆ ಇದೆ.”

“ಲೆನ್ಸ್ ಹೋಗೈತೆ ಕಣೆ.”

“ಫೋಟೊ ಬರ್ತಾ ಇದೆ ಕದಾ?”

ಕೆಟ್ಟರೂ ಕೆಡದಂಥ ವಸ್ತು ನನ್ನ ಪಾಲಿಗೆ ಬಂದಿತ್ತು. ಹಾಸನದ ಗೆಳೆಯ ಅದನ್ನು ಬೆಳಕಿಗೆ ಹಿಡಿದು ಬಿದ್ದು ಬಿದ್ದು ನಕ್ಕ. “ಏನಯ್ಯಾ ಇದು, ಲೆನ್ಸಿಗೇ ನಾಮ ಹಾಕ್ಸಿದೀಯಲ್ಲ! ಈಗಾದ್ರೂ ಹೊಸದು ತಗೊಳಯ್ಯ, ಇದಕ್ಕಿಂತ ನೆಪ ಬೇಕಾ?” ಎಂದ. ನೆಪವೇನೋ ಒಳ್ಳೆಯದೇ. ಆದರೆ ಹೊಸದು ತಗೊಂಡು ಮುಂದಿನ ದಸರಾಕ್ಕೆ ಹೋದರೆ ಅತ್ತೆ ಹಳೆಯದೆಲ್ಲಿ ಎಂದು ಕೇಳುತ್ತಾರೆ. ಆಗ ಅವರಿಗೆ ಗೊತ್ತಾಗುತ್ತದೆ. ಮನಸ್ಸಿಗೆ ಹಚ್ಚಿಕೊಳ್ಳುತ್ತಾರೆ. ಅದು ನನಗೆ ಬೇಡವಾಗಿತ್ತು. ಅವರೆಂದರೆ ನನಗೆ ಪ್ರೀತಿ. ಆ ಮನೆಯಲ್ಲಿ ನನ್ನ ಮಾತು ಕಿವಿಗೊಟ್ಟು ಕೇಳಿದವರು ಅವರೊಬ್ಬರೇ.

ಅತ್ತೆ ವಾರಕ್ಕೊಮ್ಮೆ ಫೋನು ಮಾಡುತ್ತಿದ್ದರು. ಮಗಳ ಜೊತೆ ತೆಲುಗಿನಲ್ಲಿ ಮಾತು ಮುಗಿದ ಮೇಲೆ ಫೋನು ನನ್ನ ಕೈಗೆ ಬರುತ್ತಿತ್ತು. ಆ ವರ್ಷ ಅವರದು ಒಂದು ಹೊಸ ಪ್ರಶ್ನೆ ಶುರುವಾಯಿತು.

“ಕ್ಯಾಮೆರಾ ಹೆಂಗೈತ್ರಿ?”

“ಚೆನ್ನಾಗೈತೆ ಅತ್ತೆ. ಫಸ್ಟ್ ಕ್ಲಾಸ್.”

“ಏನೂ ತ್ರಾಸಿಲ್ಲಲ್ರಿ?”

“ಏನೇನೂ ಇಲ್ಲ. ನಿಮ್ಮ ಪೂಜೆ ಆದ ಮೇಲೆ ಇನ್ನೂ ಚೆನ್ನಾಗಿ ಬರ್ತಾ ಐತೆ.”

“ಹಂಗ್ರೀ,” ಎಂದು ಫೋನು ಇಟ್ಟುಬಿಡುತ್ತಿದ್ದರು. ಪಾಪ, ಅನುಮಾನ ಬಂದು ಒಳಗೊಳಗೆ ಕೊರಗುತ್ತಿದ್ದಾರೆ ಎಂದುಕೊಂಡು ನಾನು ಮುಂದಿನ ವಾರ ಇನ್ನೂ ಜೋರಾಗಿ ಹೊಗಳುತ್ತಿದ್ದೆ. ವಾಟ್ಸಾಪಿನಲ್ಲಿ ಕಳಿಸುವ ಫೋಟೊಗಳನ್ನು ಕಂಪ್ಯೂಟರಿನಲ್ಲಿ ತಿದ್ದಿ, ಮಂಜನ್ನು ಆದಷ್ಟು ಒರೆಸಿ ಕಳಿಸುತ್ತಿದ್ದೆ. ಹಾಳಾದ ಕ್ಯಾಮೆರಾದಿಂದ ಒಳ್ಳೆಯ ಫೋಟೊ ತೆಗೆಯುವುದಕ್ಕೆ ನಾನು ಆ ವರ್ಷ ಪಟ್ಟಷ್ಟು ಶ್ರಮವನ್ನು ಕಚೇರಿಯಲ್ಲಿ ಪಟ್ಟಿದ್ದರೆ ಒಂದು ಬಡ್ತಿ ಬರುತ್ತಿತ್ತು.

2019ರ ಮಹಾನವಮಿಗೆ ಮತ್ತೆ ಪಟಮಟದ ಮನೆ. ಈ ಸಲ ನಾನು ಬೇಗ ಎದ್ದು ಸ್ನಾನ ಮಾಡಿ, ಲೆನ್ಸಿನ ಮುಚ್ಚಳದ ಸುತ್ತ ಟೇಪು ಸುತ್ತಿ, ಕ್ಯಾಮೆರಾವನ್ನು ಕೈಯಾರೆ ಚಾಪೆಯ ಮೇಲೆ ಇಡಲು ಹೋದೆ. ಅತ್ತೆ ಒಬ್ಬರೇ ಇದ್ದರು, ಕೈ ಮಿಷನ್ನಿನ ಧೂಳು ಒರೆಸುತ್ತಿದ್ದರು. ತಲೆಯೆತ್ತಿ ನೋಡಿದರು. ಅವರ ಮುಖದಲ್ಲಿ ಅಂಥ ಸಿಟ್ಟನ್ನು ನಾನು ಮೊದಲು ಕಂಡಿರಲಿಲ್ಲ.

“ಅದಾ ಐತಲ್ರಿ!”

“ಹೌದು ಅತ್ತೆ, ಅದೇ.”

“ವರ್ಷ ಆತು. ಇನ್ನೂ ಅದನ್ನಾ ಹಿಡ್ಕೊಂಡು ತಿರುಗಾಕತ್ತೀರಿ?”

“ಚೆನ್ನಾಗೇ ಐತಲ್ಲ ಅತ್ತೆ, ಏನೂ ಆಗಿಲ್ಲ.”

“ಏನೂ ಆಗಿಲ್ಲಾ?” ಅವರು ಒರೆಸುವ ಬಟ್ಟೆ ಕೆಳಗಿಟ್ಟರು. “ಆ ಗಾಜಿಗೆ ಸ್ವಾಮಿ ಗಂಧ ಅಷ್ಟು ತಗದು ಮೆತ್ತೀನಿ. ಏನೂ ಆಗಿಲ್ಲ ಅಂತೀರಲ್ರಿ!”

ನನಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. “ಅತ್ತೆ, ನೀವು ಗೊತ್ತಿದ್ದೇ ಹಚ್ಚಿದ್ರಾ?”

“ಮತ್ತ? ಆ ಮುಚ್ಚಳ ತಾನಾ ಬಿಚ್ಕೊಂಡು ಎಲೀ ಮ್ಯಾಲ ಕುಂತಿತ್ತೇನ್ರಿ?” ಬಾಗಿಲ ಕಡೆ ನೋಡಿ ದನಿ ತಗ್ಗಿಸಿದರು. “ಪ್ರತಿ ವರ್ಷಾ ಬಂದು ಹೊಸಾದು ಹೊಸಾದು ಅಂತ ಹಲುಬ್ತೀರಿ. ಆಕಿ ಅವರಪ್ಪನ ಮಗಳು, ಕೆಡೂ ತನಕಾ ತರಗೊಡಾಕಿ ಅಲ್ಲ. ಕೆಟ್ರ ಬರ್ತದಲ್ಲ ಅಂತ ನಾ ಮಾಡಿದ್ರ, ನೀವು ಬಾಯಿಗೆ ಬೀಗ ಹಾಕ್ಕೊಂಡು ಕುಂತ್ರಿ. ಫೋನಿನ್ಯಾಗ ಕೇಳಿದ್ರ ಫಸ್ಟ್ ಕ್ಲಾಸ್ ಅಂತೀರಿ.”

“ನಿಮಗೆ ಬೇಜಾರಾಗ್ತದೆ ಅಂತ ಹೇಳಲಿಲ್ಲ ಅತ್ತೆ.”

ಅವರು ನನ್ನನ್ನೇ ನೋಡಿದರು. ಆಮೇಲೆ ಸೆರಗನ್ನು ಬಾಯಿಗೆ ಒತ್ತಿಕೊಂಡು ನಕ್ಕರು, ಭುಜ ಕುಣಿಯುವ ಹಾಗೆ. ನನಗೂ ನಗು ಬಂತು. ಒಬ್ಬರಿಗೊಬ್ಬರು ಉಪಕಾರ ಮಾಡಲು ಹೋಗಿ ಒಂದು ವರ್ಷ ಹಾಳುಮಾಡಿಕೊಂಡಿದ್ದೆವು.

“ಆದರೂ ದೇವರ ಗಂಧದಲ್ಲಿ...” ಎಂದೆ.

“ದೇವರ ಗಂಧ ಹಚ್ಚಿದ್ರ ಯಾರೂ ಬಯ್ಯಂಗಿಲ್ರಿ. ಅಡಗಿ ಎಣ್ಣಿ ಹಚ್ಚಿದ್ರ ಬಯ್ತಾರ.” ಅವರು ಚಾಪೆಯ ಸಾಲನ್ನು ಸರಿಮಾಡುತ್ತ ಹೇಳಿದರು. “ಈ ಮನ್ಯಾಗ ಹೊಸಾದು ಎಲ್ಲಾ ಹಂಗಾ ಬಂದಾವ. ಮಿಕ್ಸಿಗೆ ನೀರು ಕುಡಿಸಿದೆ. ಅವರು ಬಿಚ್ಚಿ ಬಿಸಲಾಗ ಒಣಗಿಸಿ ಸರಿಮಾಡಿದ್ರು. ಮತ್ತ ಕುಡಿಸಿದೆ. ಅವರ ಕೈಗೆ ರಿಪೇರಿ ಆಗಲಾರದಂಗ ಕೆಡಸೂದು ಸಣ್ಣ ಕೆಲಸ ಅಲ್ರಿ. ಗಾಜಿನ ಕೆಲಸ ಅವರಿಗೆ ಬರೂದಿಲ್ಲ. ಅದಕ್ಕಾ ಗಾಜಿಗೇ ಹಚ್ಚಿದ್ದು.”

ನಾನು ಬಾಗಿಲಿನಿಂದ ಒಳಮನೆಯ ಕಡೆ ನೋಡಿದೆ. ಮಿಕ್ಸಿ, ಗ್ರೈಂಡರು, ಇಸ್ತ್ರಿ ಪೆಟ್ಟಿಗೆ, ನಡುಕೋಣೆಯ ಗೋಡೆಯ ಮೇಲಿನ ಟಿ.ವಿ. ಹಳೆಯವು ತಾವಾಗಿಯೇ ಕೆಟ್ಟು ಇವೆಲ್ಲ ಬಂದವೆಂದು ಇಷ್ಟು ದಿನ ತಿಳಿದಿದ್ದೆ. ಆಮೇಲೆ ನನ್ನ ಕಣ್ಣು ಕೈ ಮಿಷನ್ನಿನ ಮೇಲೆ ಬಿತ್ತು. ಹಿಡಿಯ ಮರ ಸವೆದು ಅತ್ತೆಯ ಅಂಗೈಯ ಅಚ್ಚು ತಾಳಿತ್ತು.

“ಇದು ಮಾತ್ರ ಹಳೇದೇ ಐತಲ್ಲ ಅತ್ತೆ?”

ಅತ್ತೆ ಗಂಧದ ಭರಣಿ ತೆಗೆದರು, ಮುಚ್ಚಿದರು.

“ನಾ ಬಳ್ಳಾರ್‍ಯಾಗ ಹೊಲಿಗಿ ಕ್ಲಾಸಿಗೆ ಹೋಗ್ತಿದ್ದೆ. ಅಲ್ಲಿ ಕಾಲು ಮಿಷನ್ನು. ಎರಡೂ ಕೈ ಬಟ್ಟಿ ಮ್ಯಾಲ ಇರ್ತಾವ, ಹೆಂಗ ಬೇಕಾದ್ರೂ ತಿರುವಬಹುದು. ನಾ ಹೊಲದ ಜಂಪರ್ ನೋಡಿ ನಮ್ಮ ಟೀಚರು, ಅಂಗಡಿ ಹಾಕವ್ವ ಅಂದಿದ್ರು. ಇಲ್ಲಿಗೆ ಬಂದ್ರ ಇದು. ಒಂದು ಕೈ ಹಿಡೀಗೆ ಹೋತಂದ್ರ ಉಳಿದಿದ್ದು ಒಂದಾ. ಅದ್ರಾಗ ದಿಂಬಿನ ಚೀಲ ಹೊಲೀಬಹುದು. ಕೊರಳು, ತೋಳು ಚಂದಾಗಿ ಕುಂದ್ರಂಗಿಲ್ಲ. ಕಾಲು ಮಿಷನ್ನು ಬೇಕು ಅಂತ ಇವರನ್ನ ಕೇಳಿದೆ. ಅವತ್ತಾ ಕುಂತು ಇದಕ್ಕ ಎಣ್ಣಿ ಬಿಟ್ಟು, ತಿರುವಿ ತೋರ್ಸಿದ್ರು. ಛಲೋ ನಡೀತದಲ್ಲ ಅಂದ್ರು.”

“ಆಮೇಲೆ?”

“ಆಮ್ಯಾಲೇನ್ರಿ. ಒಂದಿನ ಯಾರೂ ಇಲ್ಲದಾಗ ಎತ್ಕೊಂಡು ಹೋಗಿ ಬಾಗಲಾಗ ನಿಂತು ಕೈ ಬಿಟ್ಟೆ.” ಅವರು ಮಿಷನ್ನಿನ ಗಾಲಿಯ ಮೇಲೆ ಕೈಯಿಟ್ಟರು. “ಕಬ್ಬಿಣ. ಒಂದು ಗೀರು ಬೀಳಲಿಲ್ಲ. ಮೆಟ್ಟಲ ಕಲ್ಲು ಒಡದು ಎರಡು ತುಂಡಾತು. ಮರುದಿನಾ ಹೊಸಾ ಕಲ್ಲು ಹಾಕ್ಸಿದ್ರು.”

ನಗಬೇಕೋ ಬೇಡವೋ ತಿಳಿಯಲಿಲ್ಲ. ಅವರು ಮಾತ್ರ ನಗುತ್ತಿರಲಿಲ್ಲ. ಬೆಳಕು ಸಾಲದು, ಕಾಳುಕಾಳು ಬರುತ್ತದೆ ಎಂದು ನಾನು ವರ್ಷಗಟ್ಟಲೆ ಗೋಳಾಡಿದ್ದು ಇವರ ಮುಂದೆ. ಬಲಗೈ ಕಲಸಿಹೋದ ಫೋಟೊ ತೋರಿಸಿ ದೂರಿದ್ದೂ ಇವರಿಗೇ.

“ಅತ್ತೆ, ಈಗ ಕರೆಂಟಿನ ಮಿಷನ್ನೇ ಬಂದಾವೆ. ನಾನು ತಂದುಕೊಡ್ತೀನಿ.”

“ಬ್ಯಾಡ್ರಿ,” ಎಂದರು ತಟ್ಟನೆ. ಬೆರಳಿಗೆ ಗಂಧ ತೆಗೆದುಕೊಂಡು ಮಿಷನ್ನಿನ ನೆತ್ತಿಯ ಮೇಲೆ ಹಚ್ಚಿ, ಕುಂಕುಮ ಇಟ್ಟರು. “ಈಗ ಯಾರ ಜಂಪರ್ ಹೊಲೀಲಿ? ಇದು ಇನ್ನೂ ನಡೀತೈತಲ್ಲ.” ಆ ಮಾತು ಮಾವನವರ ಬಾಯಿಂದ ಬಂದಾಗಲೆಲ್ಲ ನನಗೆ ಸಿಟ್ಟು ಬರುತ್ತಿತ್ತು. ಅವತ್ತು ಬರಲಿಲ್ಲ.

ಮರುದಿನ ವಿಜಯದಶಮಿ. ಬೆಳಗ್ಗೆ ಕಾಫಿಯ ಹೊತ್ತಿಗೆ ಅತ್ತೆ ಗಂಡನಿಗೆ ತೆಲುಗಿನಲ್ಲಿ, ಅಳಿಯಂದಿರ ಕ್ಯಾಮೆರಾ ಯಾಕೋ ಮಂಜಾಗಿದೆಯಂತೆ, ನೀವೊಮ್ಮೆ ನೋಡಿ ಎಂದರು. ಮಾವನವರಿಗೆ ಅಷ್ಟೇ ಸಾಕಿತ್ತು. ಕಿಟಕಿಯ ಹತ್ತಿರ ಕುರ್ಚಿ ಎಳೆದುಕೊಂಡು, ಟಾರ್ಚು ಮತ್ತು ಭೂತಗನ್ನಡಿ ತರಿಸಿ ಪರೀಕ್ಷೆಗೆ ಕೂತರು. ಗಾಜಿನ ಮೇಲೆ ಉಸಿರು ಬಿಟ್ಟರು, ಒರೆಸಿದರು, ಓರೆಯಾಗಿ ಹಿಡಿದರು. ಕೊನೆಗೆ ತಲೆಯಾಡಿಸಿದರು. “ಅದ್ದಂ ಪೋಯಿಂದಿ. ಇಂಕ ಲಾಭಂ ಲೇದು.” ಗಾಜು ಹೋಗಿದೆ, ಇನ್ನು ಪ್ರಯೋಜನವಿಲ್ಲ. ಆ ಮನೆಯಲ್ಲಿ ಅವರು ಅಂಥ ತೀರ್ಪು ಕೊಟ್ಟದ್ದನ್ನು ನಾನು ಕೇಳಿದ್ದು ಅದೇ ಮೊದಲು. ಅಪ್ಪನೇ ಹೇಳಿದ ಮೇಲೆ ನನ್ನ ಹೆಂಡತಿಯೂ ಒಪ್ಪಿದಳು. “ಹಾಗಾದ್ರೆ ಹೊಸದು ತಗೊಳ್ಳಿ,” ಎಂದಳು, ಎಂದೂ ಬೇಡವೆಂದೇ ಇರಲಿಲ್ಲವೆಂಬ ಹಾಗೆ. ಅತ್ತೆ ಅಡುಗೆಮನೆಯ ಬಾಗಿಲಲ್ಲಿ ಒಗ್ಗರಣೆ ಸೌಟು ಹಿಡಿದು ನಿಂತಿದ್ದರು. ಮುಖದಲ್ಲಿ ಏನೂ ಇರಲಿಲ್ಲ.

ದೀಪಾವಳಿಗೆ ಹೊಸ ಕ್ಯಾಮೆರಾ ಜೊತೆಯಲ್ಲೇ ಪಟಮಟಕ್ಕೆ ಹೋದೆವು. ಐದು ವರ್ಷ ಬಯಸಿದ್ದು ಕೈಯಲ್ಲಿತ್ತು. ವಿಶಾಖಪಟ್ಟಣದಲ್ಲಿ ಒಂದೆರಡು ವಾರ ಮೀನಿನ ಬಂದರು, ಸಮುದ್ರ, ಬೀದಿ ದೀಪ ಎಲ್ಲ ತೆಗೆದಿದ್ದೆ. ಎಲ್ಲ ಚೆನ್ನಾಗಿ ಬಂದಿದ್ದವು. ಗೆಳೆಯನ ಕ್ಯಾಮೆರಾ ಕೊರಳಿಗೆ ಹಾಕಿಕೊಂಡ ದಿನದ ಸಂತೋಷ ಮಾತ್ರ ಸಿಗಲಿಲ್ಲ. ಹಬ್ಬದ ಬೆಳಗ್ಗೆ, ಇನ್ನೂ ಬಿಸಿಲು ಬಾರದ ಹೊತ್ತಿನಲ್ಲಿ, ಅಂಗಳಕ್ಕಿಳಿದು ಮೆಟ್ಟಿಲ ಮುಂದೆ ಕುಕ್ಕರುಗಾಲಲ್ಲಿ ಕೂತು ಆ ಬೂದು ಕಲ್ಲಿನ ಫೋಟೊ ತೆಗೆದೆ. ಬೆಳಕು ಕಡಿಮೆಯಿತ್ತು. ಆದರೂ ಕಲ್ಲಿನ ಒಂದೊಂದು ಹರಳೂ ಬಂತು, ಹಳೆಯ ಕಲ್ಲಿಗೂ ಹೊಸದಕ್ಕೂ ನಡುವಿನ ಸಿಮೆಂಟಿನ ಗೆರೆ ಬಂತು, ಗೆರೆಯಲ್ಲಿ ಕೂತ ರಂಗೋಲಿಯ ಪುಡಿಯೂ ಬಂತು.

ಜಗಲಿಯಲ್ಲಿ ಪೇಪರು ಓದುತ್ತಿದ್ದ ಮಾವನವರು ಏನು ತೆಗೆದಿರಿ ತೋರಿಸಿ ಎಂದರು. ತೋರಿಸಿದೆ. ಅವರು ಕನ್ನಡಕ ಸರಿಮಾಡಿಕೊಂಡು ಬಹಳ ಹೊತ್ತು ನೋಡಿದರು. ಕಲ್ಲು ಕೂಡಿಸಿದ ಕೆಲಸದ ಮೇಲೆ ಅವರಿಗೆ ಅಭಿಮಾನವಿತ್ತು. ಬೆರಳಿನಿಂದ ಆ ಗೆರೆಯನ್ನು ತೋರಿಸುತ್ತ ತೆಲುಗಿನಲ್ಲಿ ವಿವರಿಸಿದರು: ಹಳೆಯ ಕಲ್ಲು ಬಿಸಿಲಿಗೆ ಬಿರಿದು ಹೋಗಿತ್ತು, ನಮ್ಮ ವಿಜಯವಾಡದ ಬಿಸಿಲೆಂದರೆ ಕಲ್ಲನ್ನೂ ಬಿಡುವುದಿಲ್ಲ, ಒನ್ ಟೌನ್ ಪೇಟೆಗೆ ಹೋಗಿ ನಾನೇ ಆರಿಸಿ ತಂದು ಹಾಕಿಸಿದೆ, ಇವತ್ತಿಗೂ ಅಲುಗಿಲ್ಲ.

ಅತ್ತೆ ಕಾಫಿ ತಂದು ನಮ್ಮಿಬ್ಬರ ನಡುವೆ ಇಟ್ಟರು. ಕ್ಯಾಮೆರಾದ ಪರದೆಯ ಮೇಲಿದ್ದ ಕಲ್ಲನ್ನು ಬಗ್ಗಿ ನೋಡಿದರು.

“ಹೌದ್ರಿ, ಆ ವರ್ಷ ಭಾಳ ಬಿಸಲಿತ್ತು,” ಎಂದು ನನಗೆ ಕನ್ನಡದಲ್ಲಿ ಹೇಳಿ ಒಳಗೆ ಹೋದರು.